ಹುಷಾರಿಲ್ಲದ ಕೂಸು, ಮನೆಯಲ್ಲಿ ನೀವೊಬ್ಬರೇ

ಗಂಡನೋ ಹೆಂಡತಿಯೋ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದಾರೆ, ಕೂಸಿಗೆ ಜ್ವರ ಬಂದಿದೆ, ಒಬ್ಬರೇ ಹೇಗೆ ನಿಭಾಯಿಸೋದು ಅಂತ ಹೊರದೇಶದಲ್ಲಿರುವ ನಮ್ಮವರಲ್ಲಿ ಮತ್ತೆ ಮತ್ತೆ ಯಾರಾದರೂ ಕೇಳುತ್ತಲೇ ಇರುತ್ತಾರೆ. ಈ ಸಲ ಒಬ್ಬ ತಂಗಿ ಕೇಳಿದ್ದಾರೆ. ನಮ್ಮ ಮನೆಯಲ್ಲಿ ಓಡಾಟದ ಕೆಲಸ ಹೆಂಡತಿಯದು, ಮಗುವಿನ ಜೊತೆ ಉಳಿಯುವವನು ನಾನು. ಹಾಗಾಗಿ ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ಹಾಲು, ಡೈಪರ್, ಬಟ್ಟೆ, ಇವನ್ನೆಲ್ಲ ಒಬ್ಬರೇ ಹೇಗೋ ಮಾಡಿಕೊಳ್ಳಬಹುದು. ತಲೆ ಕೆಡಿಸುವುದು ರಾತ್ರಿ ಎರಡು ಗಂಟೆಯ ಪ್ರಶ್ನೆ: ಈಗಲೇ ಆಸ್ಪತ್ರೆಗೆ ಹೋಗಬೇಕಾ, ಬೆಳಗಾಗುವವರೆಗೆ ಕಾಯಬಹುದಾ? ಇಬ್ಬರಿದ್ದರೆ ಮಾತಾಡಿ ತೀರ್ಮಾನ ಮಾಡುತ್ತೀರಿ. ಒಬ್ಬರೇ ಇದ್ದಾಗ, ಅದೂ ನಿದ್ದೆಗೆಟ್ಟಿರುವಾಗ, ಅದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಾ ಇರುತ್ತೆ, ಉತ್ತರ ಮಾತ್ರ ಬರಲ್ಲ. ಅದಕ್ಕೇ ನಾನು ಹೇಳೋದು, ಆ ತೀರ್ಮಾನವನ್ನು ಮಗು ಚೆನ್ನಾಗಿರುವಾಗಲೇ ಇಬ್ಬರೂ ಕೂತು ಮಾಡಿಟ್ಟುಕೊಳ್ಳಿ. ಏನಾದರೆ ಫೋನ್, ಏನಾದರೆ ನೇರ ಎಮರ್ಜೆನ್ಸಿ, ಏನಾದರೆ ದೂರ ಇರುವವರು ವಿಮಾನ ಹತ್ತಬೇಕು. ಕಾಗದದಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಆ ಹೊತ್ತಿಗೆ ನೀವು ಯೋಚನೆ ಮಾಡಬೇಕಾಗಿಲ್ಲ, ಓದಿದರೆ ಸಾಕು.

ನಮ್ಮ ಕಾಗದದ ಮೊದಲ ಸಾಲು ಮಗುವಿನ ವಯಸ್ಸಿನದು. 3 ತಿಂಗಳು ತುಂಬದ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಕಾಯುವ ಮಾತೇ ಇಲ್ಲ. ಹಾಲು ಕುಡಿಯುತ್ತಿದ್ದರೂ ಸರಿ, ನಗುತ್ತಿದ್ದರೂ ಸರಿ, ಮಧ್ಯರಾತ್ರಿಯಾದರೂ ಡಾಕ್ಟರ್ ನೋಡಲೇಬೇಕು. ಅಷ್ಟು ಚಿಕ್ಕ ಮಗುವಿಗೆ ದೊಡ್ಡ ಸೋಂಕು ಇದ್ದರೂ ಜ್ವರ ಬಿಟ್ಟು ಬೇರೇನೂ ಕಾಣದೇ ಇರಬಹುದು. ಡಾಕ್ಟರನ್ನು ಕೇಳದೆ ಜ್ವರದ ಔಷಧಿಯನ್ನೂ ಹಾಕಬೇಡಿ. 3ರಿಂದ 6 ತಿಂಗಳ ಮಗುವಿಗೆ 39 ಮುಟ್ಟಿದರೆ ತಡ ಮಾಡದೆ ಫೋನ್ ಮಾಡಿ ಕೇಳಿ. ಅದಕ್ಕಿಂತ ದೊಡ್ಡವರಲ್ಲಿ ಥರ್ಮಾಮೀಟರ್ ಒಂದನ್ನೇ ನೋಡುತ್ತಾ ಕೂರಬೇಡಿ. 39.5 ಇದ್ದೂ ಆಟದ ಸಾಮಾನಿಗೆ ಕೈ ಚಾಚುವ ಮಗುವಿಗಿಂತ, 38.2 ಇದ್ದು ಕಣ್ಣು ಬಿಟ್ಟು ನೋಡಲೂ ಆಗದೆ ಜೋತುಬಿದ್ದಿರುವ ಮಗು ನನಗೆ ಜಾಸ್ತಿ ಭಯ ಹುಟ್ಟಿಸುತ್ತೆ.

ಎರಡನೆಯದು ಉಸಿರು. ಇದನ್ನು ದಯವಿಟ್ಟು ಇವತ್ತೇ ಕಲಿಯಿರಿ. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿ ಇಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಇದು: 2 ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, 2 ತಿಂಗಳಿಂದ 1 ವರ್ಷದವರೆಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ಜೋರು ಉಸಿರು. ಎಣಿಕೆಯ ಜೊತೆ ಎದೆಯನ್ನೂ ನೋಡಿ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವ ಸದ್ದು, ತುಟಿ ನೀಲಿ ಆಗುವುದು. ಇವುಗಳಲ್ಲಿ ಒಂದು ಕಂಡರೂ ಗಂಡನಿಗೆ ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ. ಮೊದಲು ಆಂಬುಲೆನ್ಸ್, ಆಮೇಲೆ ಮನೆಯವರು.

ಇಲ್ಲಿ ಇನ್ನೊಂದು ಮಾತು, ಇದು ಪ್ರಯಾಣ ಮಾಡುವವರಿಗೆ. ಚಿಕ್ಕ ಮಕ್ಕಳಲ್ಲಿ ಆರ್‌ಎಸ್‌ವಿ ಅನ್ನುವ ವೈರಸ್‌ನಿಂದ ಬರುವ ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಸೋಂಕು) ಮೊದಲು ಬರೀ ನೆಗಡಿಯ ಹಾಗೆ ಶುರುವಾಗುತ್ತೆ. ಸಾಮಾನ್ಯವಾಗಿ 3ರಿಂದ 5ನೇ ದಿನಕ್ಕೆ ಅದು ಜೋರಾಗೋದು. ಎರಡನೇ ದಿನ ಮೂಗು ಸೋರುತ್ತಿದೆ ಅಷ್ಟೇ ಅಲ್ವಾ ಅಂತ ಸೂಟ್‌ಕೇಸ್ ಎತ್ತಿಕೊಂಡು ಹೊರಟರೆ, ಕಷ್ಟದ ದಿನಗಳು ಪೂರ್ತಿ ಮನೆಯಲ್ಲಿರುವವರ ಪಾಲಿಗೆ ಬರುತ್ತವೆ. ಮಗು 6 ತಿಂಗಳ ಒಳಗಿನದಾಗಿದ್ದರೆ, ಸಾಧ್ಯವಿದ್ದರೆ ಆ ದಿನಗಳು ದಾಟುವವರೆಗೆ ಪ್ರಯಾಣವನ್ನು ಮುಂದಕ್ಕೆ ಹಾಕಿ. ಕೆಲಸದಲ್ಲಿ ಕೇಳೋಕೆ ಸಂಕೋಚ ಆಗುತ್ತೆ, ವೀಸಾ ಕೆಲಸಕ್ಕೆ ಅಂಟಿಕೊಂಡಿರುವವರಿಗೆ ಇನ್ನೂ ಜಾಸ್ತಿ. ಆದರೂ ಕೇಳಿ. ಕೇಳದೆ ಇದ್ದರೆ ಯಾರೂ ತಾವಾಗಿ ಹೇಳಲ್ಲ.

ಹಾಲಿನ ವಿಷಯ. ಮೂಗು ಕಟ್ಟಿದ ಕೂಸು ಹಾಲು ಎಳೆಯೋಕೆ ಆಗದೆ ಸಿಟ್ಟು ಮಾಡುತ್ತೆ, ನಾವು ಹಸಿವಿಲ್ಲ ಅಂದುಕೊಳ್ಳುತ್ತೇವೆ. ಹಾಲಿಗೆ ಮುಂಚೆ ಮೂಗಿಗೆ ಸಲೈನ್ ಹನಿ ಹಾಕಿ, ಮೆಲ್ಲಗೆ ಸಿಂಬಳ ತೆಗೆಯಿರಿ. ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ಕೊಡಿ. ದಿನಾ ಕುಡಿಯುವುದರ ಅರ್ಧಕ್ಕಿಂತ ಕಡಿಮೆ ಕುಡಿದರೆ, ಅಥವಾ 6ರಿಂದ 8 ಗಂಟೆ ಡೈಪರ್ ಒದ್ದೆಯೇ ಆಗದಿದ್ದರೆ ಫೋನ್ ಮಾಡಿ. 6 ತಿಂಗಳ ಒಳಗಿನ ಕೂಸಿಗೆ ನೀರು ಕುಡಿಸಬೇಡಿ, ಎದೆಹಾಲು ಅಥವಾ ಫಾರ್ಮುಲಾ ಅಷ್ಟೇ. ಫಾರ್ಮುಲಾವನ್ನು ತೆಳ್ಳಗೆ ಮಾಡಿಯೂ ಕೊಡಬೇಡಿ. ವಾಂತಿ ಹಸಿರು ಬಣ್ಣಕ್ಕಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೆತ್ತಿಯ ಮೆತ್ತನೆ ಜಾಗ ಉಬ್ಬಿದ್ದರೆ ಅಥವಾ ಒಳಗೆ ಕುಸಿದಿದ್ದರೆ ನೇರ ಆಸ್ಪತ್ರೆ. ಮೈ ಮೇಲೆ ಕೆಂಪು ಚುಕ್ಕೆ ಎದ್ದಿದ್ದರೆ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ ನೋಡಿ. ಒತ್ತಿದರೂ ಬಣ್ಣ ಮಾಸದಿದ್ದರೆ ಅದೂ ಎಮರ್ಜೆನ್ಸಿ.

ಔಷಧಿಯ ಬಗ್ಗೆ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ಹೊರದೇಶದಲ್ಲಿರುವ ನಮ್ಮಂಥವರಿಗೆ ಇಲ್ಲಿ ಅಪಾಯ ಜಾಸ್ತಿ. ನಮ್ಮ ಡಬ್ಬದಲ್ಲಿ ಎರಡು ಮೂರು ದೇಶದ ಬಾಟಲಿಗಳು ಇರುತ್ತವೆ. ಎಲ್ಲವೂ ಪ್ಯಾರಾಸಿಟಮಾಲ್, ಆದರೆ ಗಟ್ಟಿತನ ಬೇರೆ ಬೇರೆ. ಭಾರತದಲ್ಲಿ ಸಿಗುವ ಕೂಸಿನ ಡ್ರಾಪ್ಸ್‌ನಲ್ಲಿ 1 ಮಿಲಿಲೀಟರ್‌ಗೆ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತೆ. ಬ್ರಿಟನ್‌ನ ಶಿಶುಗಳ ಸಿರಪ್‌ನಲ್ಲಿ 5 ಮಿಲಿಲೀಟರ್‌ಗೆ 120 ಮಿಲಿಗ್ರಾಂ, ಅಮೆರಿಕದಲ್ಲಿ 5 ಮಿಲಿಲೀಟರ್‌ಗೆ 160. ಅಮೆರಿಕದ ಬಾಟಲಿಯ ಮೇಲೆ ಅಸಿಟಮಿನೋಫೆನ್ ಅಂತ ಬರೆದಿರುತ್ತೆ, ಔಷಧಿ ಅದೇ. ಈಗ ಲೆಕ್ಕ ಹಾಕಿ. ಸಾಮಾನ್ಯ ಪ್ರಮಾಣ ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ. 8 ಕಿಲೋ ಮಗುವಿಗೆ 80ರಿಂದ 120. ಬ್ರಿಟನ್ ಸಿರಪ್‌ನಲ್ಲಿ 5 ಮಿಲಿಲೀಟರ್ ಅಂದರೆ ಸರಿಯಾಗಿ 120. ಅದೇ 5 ಮಿಲಿಲೀಟರನ್ನು ಭಾರತದ ಡ್ರಾಪ್ಸ್ ಬಾಟಲಿಯಿಂದ ಎಳೆದರೆ 500 ಮಿಲಿಗ್ರಾಂ ಆಗುತ್ತೆ! ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತಿಗೆ ಹೊಡೆತ. ಅದಕ್ಕೆ ಮನೆಯಲ್ಲಿ ಒಂದೇ ಬಾಟಲಿ ಇಟ್ಟುಕೊಳ್ಳಿ, ನೀವು ಇರುವ ದೇಶದ್ದು. ಅದರ ಜೊತೆ ಬಂದ ಸಿರಿಂಜ್‌ನಿಂದಲೇ ಅಳೆಯಿರಿ, ಅಡುಗೆಮನೆಯ ಚಮಚ ಬೇಡ. ಎರಡು ಸಲದ ನಡುವೆ 4ರಿಂದ 6 ಗಂಟೆ ಬಿಡಿ, 24 ಗಂಟೆಯಲ್ಲಿ 4 ಸಲಕ್ಕಿಂತ ಜಾಸ್ತಿ ಬೇಡ. ಕೊಟ್ಟ ಸಮಯ ಬರೆದಿಡಿ.

ಐಬುಪ್ರೊಫೆನ್ 6 ತಿಂಗಳ ಒಳಗೆ ಡಾಕ್ಟರ್ ಹೇಳದೆ ಬೇಡ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. 1 ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಬಾಟುಲಿಸಂ ಅನ್ನುವ ಕಾಯಿಲೆ ಬರಬಹುದು. ಎದೆಗೆ, ಮೂಗಿಗೆ ಕರ್ಪೂರ ಇರುವ ಮುಲಾಮು, 2 ವರ್ಷದ ಒಳಗೆ ಕೆಮ್ಮಿನ ಸಿರಪ್, ಇವೂ ಬೇಡ. ವಿಡಿಯೋ ಕಾಲ್‌ನಲ್ಲಿ ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ಅವರ ಜೊತೆ ವಾದ ಮಾಡೋಕೆ ಹೋಗಬೇಡಿ, ಡಾಕ್ಟರ್ ಬೇಡ ಅಂದಿದ್ದಾರಮ್ಮ ಅಂತ ಹೇಳಿ ಮುಂದೆ ಹೋಗಿ.

ಜ್ವರದ ಫಿಟ್ಸ್ ಬಗ್ಗೆ ಮೊದಲೇ ಓದಿಕೊಂಡಿರಿ, ಒಬ್ಬರೇ ಇರುವಾಗ ಮೊದಲ ಸಲ ನೋಡಿದರೆ ಜೀವವೇ ಹೋದ ಹಾಗಾಗುತ್ತೆ. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಕ್ಕಳಿಗೆ ಒಮ್ಮೆಯಾದರೂ ಬರುತ್ತೆ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾವಾಗಿ ನಿಲ್ಲುತ್ತವೆ. ಮಗುವನ್ನು ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಅಥವಾ ಇದು ಮೊದಲನೇ ಸಲವಾದರೆ ಆಂಬುಲೆನ್ಸ್ ಕರೆಯಿರಿ.

ಇನ್ನು ಕಾಗದಪತ್ರ. ಇನ್ಶೂರೆನ್ಸ್, ಕ್ಲಿನಿಕ್‌ನ ಆ್ಯಪ್, ಎಲ್ಲವೂ ಕೆಲಸ ಮಾಡುವವರ ಹೆಸರಲ್ಲಿ ಇರುತ್ತವೆ. ಒಟಿಪಿ ಅವರ ಫೋನಿಗೇ ಹೋಗುತ್ತೆ, ಅವರು ವಿಮಾನದಲ್ಲಿ! ಹೊರಡುವ ಮುಂಚೆ ಮನೆಯಲ್ಲಿರುವವರ ಹೆಸರನ್ನೂ ಸೇರಿಸಿ. ಲಸಿಕೆ ಪಟ್ಟಿ, ಇತ್ತೀಚಿನ ತೂಕ, ಮಗುವಿನ ಗುರುತಿನ ಪತ್ರ ಒಂದೇ ಚೀಲದಲ್ಲಿರಲಿ. ತುರ್ತು ನಂಬರ್ ದೇಶಕ್ಕೊಂದು: ಅಮೆರಿಕ, ಕೆನಡಾದಲ್ಲಿ 911, ಬ್ರಿಟನ್‌ನಲ್ಲಿ 999, ಯೂರೋಪ್ ಒಕ್ಕೂಟದಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಅಷ್ಟು ಗಂಭೀರ ಅಲ್ಲ ಅನ್ನಿಸಿದರೆ ಇಂಗ್ಲೆಂಡ್‌ನ 111, ಕೆನಡಾದ ಹೆಚ್ಚಿನ ಪ್ರಾಂತ್ಯಗಳ 811ರಂಥ ಸಲಹೆಯ ನಂಬರ್‌ಗಳಿವೆ. ಭಾಷೆ ತೊಡಕಾದರೆ ದುಭಾಷಿ ಸಿಗುತ್ತಾರಾ ಅಂತ ಕೇಳಿ, ಸಂಕೋಚ ಬೇಡ. ದೊಡ್ಡ ಮಗು ಮನೆಯಲ್ಲಿದ್ದರೆ ರಾತ್ರಿ ಅದನ್ನು ಯಾರ ಹತ್ತಿರ ಬಿಡೋದು ಅಂತ ಅಕ್ಕಪಕ್ಕದವರೊಬ್ಬರ ಹತ್ತಿರ ಮೊದಲೇ ಮಾತಾಡಿಡಿ.

ದೂರ ಇರುವವರಿಗೂ ಕೆಲಸ ಇದೆ. ಅರ್ಧ ಗಂಟೆಗೊಮ್ಮೆ "ಈಗ ಹೇಗಿದಾನೆ?" ಅಂತ ಕೇಳುವುದು ಕೆಲಸ ಅಲ್ಲ, ಅದು ಇನ್ನೊಬ್ಬರನ್ನು ಸಮಾಧಾನ ಮಾಡುವ ಹೊರೆ. ನನ್ನ ಹೆಂಡತಿ ಕ್ಲಿನಿಕ್‌ಗೆ ಫೋನ್ ಮಾಡಿ ಸಮಯ ತೆಗೆದುಕೊಳ್ಳುತ್ತಾಳೆ, ಇನ್ಶೂರೆನ್ಸ್‌ನವರ ಜೊತೆ ಮಾತಾಡುತ್ತಾಳೆ, ಔಷಧಿಯ ಸಮಯ ಬರೆಯುವ ಪಟ್ಟಿ ಅವಳ ಫೋನಿನಲ್ಲೂ ತೆರೆದಿರುತ್ತೆ. ಟೈಮ್ ಝೋನ್ ಬೇರೆ ಇರುವುದರಿಂದ ಇಲ್ಲಿಯ ರಾತ್ರಿ ಅವಳಿಗೆ ಹಗಲು, ಮುಂದಿನ ಡೋಸ್ ಹೊತ್ತಿಗೆ ಅವಳೇ ಫೋನ್ ಮಾಡಿ ನನ್ನನ್ನು ಎಬ್ಬಿಸುತ್ತಾಳೆ. ಅಲಾರಂ ಕೇಳಿಸದೆ ಹೋಗಬಹುದು ಅನ್ನುವ ಭಯವೇ ಇರಲ್ಲ. ಇದು ಎಷ್ಟು ದೊಡ್ಡ ಸಹಾಯ ಅಂತ ಒಬ್ಬರೇ ರಾತ್ರಿ ಕಳೆದವರಿಗೆ ಗೊತ್ತು.

ಅವರಿಗೆ ಚಿಂತೆ ಆಗುತ್ತೆ ಅಂತ ಮಗುವಿನ ಕಾಯಿಲೆ ಮುಚ್ಚಿಡುವವರಿದ್ದಾರೆ. ನನಗೆ ಇದು ಸರಿ ಕಾಣಲ್ಲ. ಆ ಚಿಂತೆಯಲ್ಲಿ ಅರ್ಧ ಅವರ ಪಾಲು, ಅದನ್ನು ಅವರಿಂದ ಕಿತ್ತುಕೊಳ್ಳಬೇಡಿ. ನಮ್ಮ ಕಾಗದದಲ್ಲಿ ಬರೆದಿರೋದು ಇಷ್ಟು: ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ಅವಳು ಕೇಳದೆ ಹೊರಡುತ್ತಾಳೆ. ಬರಲಾ ಬೇಡವಾ ಅನ್ನುವ ಮಾತುಕತೆ ಇಲ್ಲ.

ತಂಗೀ, ನಿಮ್ಮ ಬಗ್ಗೆಯೂ ಒಂದು ಮಾತು. ಮಗುವನ್ನು ಎದೆಗೆ ಹಾಕಿಕೊಂಡು ಸೋಫಾ ಮೇಲೆ ನಿದ್ದೆ ಹೋಗಬೇಡಿ. ಕೂಸಿಗೆ ಅದು ತುಂಬಾ ಅಪಾಯದ ಜಾಗ, ಉಸಿರು ಕಟ್ಟಿ ಮಕ್ಕಳು ತೀರಿಕೊಂಡಿದ್ದಾರೆ. ಕಣ್ಣು ಎಳೆಯುತ್ತಿದ್ದರೆ ಅಳುತ್ತಿದ್ದರೂ ತೊಟ್ಟಿಲಲ್ಲಿ ಅಂಗಾತ ಮಲಗಿಸಿ. ಅಳು ಕೇಳಿ ಕೇಳಿ ಕೈ ನಡುಗುವಷ್ಟು ಸಿಟ್ಟು ಬಂದರೂ ಅದೇ ಮಾಡಿ, ಪಕ್ಕದ ಕೋಣೆಗೆ ಹೋಗಿ ಐದು ನಿಮಿಷ ಕೂತು ಬನ್ನಿ. ಅಂಥ ಸಿಟ್ಟು ಒಳ್ಳೆಯ ಅಪ್ಪ ಅಮ್ಮಂದಿರಿಗೂ ಬರುತ್ತೆ. ಮಗುವನ್ನು ಅಲುಗಾಡಿಸುವುದು ಮಾತ್ರ ಯಾವತ್ತೂ ಬೇಡ, ಮಿದುಳಿಗೆ ಏಟಾಗುತ್ತೆ. ಹಗಲು ಯಾರಾದರೂ ಏನು ಬೇಕು ಅಂತ ಕೇಳಿದರೆ ಏನೂ ಬೇಡ ಅನ್ನಬೇಡಿ. ಎರಡು ಗಂಟೆ ಬಂದು ಮಗುವಿನ ಹತ್ತಿರ ಕೂರಿ, ನಾನು ಮಲಗುತ್ತೇನೆ ಅಂತ ನೇರವಾಗಿ ಹೇಳಿ.

ಮನೆಯವರು ವಾಪಸ್ ಬಂದ ದಿನ ಅವರಿಗೂ ಸುಸ್ತಿರುತ್ತೆ, ನಿಜ. ಆದರೂ ಮೊದಲ ರಾತ್ರಿ ಮಗು ಅವರ ಹತ್ತಿರ ಇರಲಿ. ಕೊನೆಯ ಡೋಸ್ ಎಷ್ಟು ಗಂಟೆಗೆ, ಎಷ್ಟು ಹಾಲು ಕುಡಿದಿದೆ, ಡೈಪರ್ ಯಾವಾಗ ಒದ್ದೆಯಾಯಿತು, ಇಷ್ಟು ಹೇಳಿ ಹೋಗಿ ಮಲಗಿ. ಉಳಿದದ್ದನ್ನು ನಿದ್ದೆ ಆದ ಮೇಲೆ ಮಾತಾಡಿಕೊಳ್ಳಬಹುದು.