ಅಪ್‌ಡೇಟ್: ಲಿಪೊಸೋಮ್ ಗಾತ್ರ ಕೊನೆಗೂ ಹದಕ್ಕೆ ಬಂತು

ಪ್ರೋಬ್ ಸೋನಿಕೇಟರ್‌ನಲ್ಲಿ (ತುದಿಯನ್ನು ದ್ರವದಲ್ಲಿ ಅದ್ದಿ ಅಲ್ಟ್ರಾಸೌಂಡ್ ಕೊಡುವ ಯಂತ್ರ) ಮಾಡಿದ ಲಿಪೊಸೋಮ್‌ಗಳು, ಅಂದರೆ ಲಿಪಿಡ್ (ಕೊಬ್ಬಿನಂಥ ಅಣು) ಪದರದ ಅತಿ ಸಣ್ಣ ಗುಳ್ಳೆಗಳು, ಒಂದೇ ಗಾತ್ರಕ್ಕೆ ಬರ್ತಿಲ್ಲ, ಪಿಡಿಐ (ಗಾತ್ರ ಎಷ್ಟು ಏರುಪೇರಾಗಿದೆ ಅನ್ನುವ ಅಳತೆ, ಕಡಿಮೆಯಾದಷ್ಟೂ ಒಳ್ಳೇದು) 0.4ರ ಕೆಳಗೆ ಇಳೀತಿಲ್ಲ ಅಂತ ಕೇಳಿದ್ದೆನಲ್ಲ, ಈಗ 0.2ರ ಒಳಗೆ ಬಂದಿದೆ.

ಆಗ ಐಸ್‌ನಲ್ಲಿಟ್ಟು ಸೋನಿಕೇಟ್ ಮಾಡ್ತಿದ್ದೆ. ಐಸ್ ತೆಗೆಯಿರಿ ಅಂದವರ ಮಾತೇ ಸರಿ. ನನ್ನ ಲಿಪಿಡ್ ಡಿಪಿಪಿಸಿ ಅನ್ನುವ ಫಾಸ್ಫೋಲಿಪಿಡ್. ಅದರ ಪದರ ಮೆತ್ತಗಾಗುವುದೇ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತಣ್ಣಗಿದ್ದರೆ ಅಲ್ಟ್ರಾಸೌಂಡ್ ಎಷ್ಟು ಕೊಟ್ಟರೂ ಸಮನಾಗಿ ಒಡೆಯಲ್ಲ. 50 ಡಿಗ್ರಿ ನೀರಿನಲ್ಲಿಟ್ಟು, ಬಿಟ್ಟು ಬಿಟ್ಟು ಪಲ್ಸ್ ಕೊಟ್ಟೆ. ಹಾಲಿನಂತಿದ್ದದ್ದು ನೋಡನೋಡುತ್ತಲೇ ತಿಳಿಯಾಗಿ, ತೆಳು ನೀಲಿ ಛಾಯೆ ಬಂತು. ಖುಷಿಯಾಯ್ತು!

ಪ್ರೋಬ್ ತುದಿಯಿಂದ ಉದುರುವ ಟೈಟಾನಿಯಂ ಪುಡಿಯದ್ದು ಮಾತ್ರ ಕಿರಿಕಿರಿ. ಸೆಂಟ್ರಿಫ್ಯೂಜ್ ಮಾಡಿದರೆ ತಳದಲ್ಲಿ ಬೂದು ಚುಕ್ಕೆಯಾಗಿ ಕೂರುತ್ತದೆ, ಮೇಲಿನದ್ದನ್ನಷ್ಟೇ ತೆಗೆದುಕೊಳ್ಳಿ. ಇನ್ನೊಂದು ಮಾತು, ಮಾಡಿದ ಲಿಪೊಸೋಮ್‌ಗಳನ್ನು ಫ್ರಿಜ್‌ನಲ್ಲಿಡಬೇಡಿ. ತಣ್ಣಗಾದರೆ ಈ ಸಣ್ಣ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ನಾನಂತೂ ಮಾಡಿದ ದಿನವೇ ಬಳಸುತ್ತಿದ್ದೇನೆ.