ಎಮಿಲ್ ಹಾಚಾ ಅಂದು ರುಜು ಹಾಕದೆ ಇರಬಹುದಿತ್ತೇ?

ಪ್ರಶ್ನೆ

ಚೆಕೊಸ್ಲೊವಾಕಿಯಾದ ಅಧ್ಯಕ್ಷ ಎಮಿಲ್ ಹಾಚಾ ಅವರ ಬಗ್ಗೆ ಓದಿದಾಗಿನಿಂದ ಮನಸ್ಸು ಅಲ್ಲೇ ನಿಂತುಬಿಟ್ಟಿದೆ. ಅವರು ಸರ್ವೋಚ್ಚ ಆಡಳಿತ ನ್ಯಾಯಾಲಯದ ಮುಖ್ಯಸ್ಥರಾಗಿದ್ದ ಕಾನೂನು ತಜ್ಞರು, ವಯಸ್ಸು 66, ಆರೋಗ್ಯ ಅಷ್ಟಕ್ಕಷ್ಟೆ. 1939ರ ಮಾರ್ಚ್ 14ರ ರಾತ್ರಿ ಬರ್ಲಿನ್ ತಲುಪಿದ ಅವರನ್ನು ಹಿಟ್ಲರ್ ನಡುರಾತ್ರಿ ಕಳೆದು ಒಂದು ಗಂಟೆ ದಾಟುವವರೆಗೂ ಕಾಯಿಸಿ ನಂತರ ಒಳಗೆ ಕರೆಸಿದ. ದೇಶವನ್ನು ಜರ್ಮನಿಯ ಕೈಗೊಪ್ಪಿಸುವ ಕಾಗದಕ್ಕೆ ಸಹಿ ಬೀಳದಿದ್ದರೆ ಪ್ರಾಗ್ ಮೇಲೆ ಬಾಂಬ್ ಸುರಿಯುವುದಾಗಿ ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಹೆದರಿಸಿದಾಗ ಮುದುಕರು ಕುಸಿದರು. ಹಿಟ್ಲರನ ವೈದ್ಯ ಮೊರೆಲ್ ಚುಚ್ಚುಮದ್ದು ಕೊಟ್ಟು ಚೇತರಿಸಿದ ಮೇಲೆ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಅವರು ರುಜು ಹಾಕಿದರು. ಇದನ್ನು ದ್ರೋಹವೆನ್ನಬೇಕೇ, ಅಸಹಾಯಕತೆಯೆನ್ನಬೇಕೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1

ಆ ರಾತ್ರಿಯ ಮಟ್ಟಿಗೆ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅವರ ಸ್ಥಿತಿ ಅತ್ತ ದರಿ, ಇತ್ತ ಪುಲಿ ಎಂಬಂತಿತ್ತು. ಗಡಿನಾಡನ್ನು ಜರ್ಮನಿಗೆ ಕೊಟ್ಟ 1938ರ ಮ್ಯೂನಿಕ್ ಒಪ್ಪಂದದಿಂದ ಅಲ್ಲಿನ ಕೋಟೆಗಳು ಕೈತಪ್ಪಿದ್ದವು, ಸ್ಲೊವಾಕಿಯಾ ಅದೇ ದಿನ ಬೇರೆಯಾಗಿತ್ತು, ಮಾತುಕತೆ ಶುರುವಾಗುವ ಮೊದಲೇ ಜರ್ಮನ್ ಪಡೆಗಳು ಒಸ್ಟ್ರಾವಾ ಭಾಗಕ್ಕೆ ನುಗ್ಗಿದ್ದವು. ಗೋರಿಂಗ್ ಮತ್ತು ವಿದೇಶಾಂಗ ಸಚಿವ ರಿಬ್ಬೆನ್‌ಟ್ರಾಪ್ ಮೇಜಿನ ಸುತ್ತ ಅವರ ಬೆನ್ನಟ್ಟಿ ಕಾಗದಗಳನ್ನು ಮುಂದೊಡ್ಡಿ, ಲೇಖನಿಯನ್ನು ಮತ್ತೆ ಮತ್ತೆ ಕೈಗೆ ತುರುಕುತ್ತಿದ್ದರೆಂದು ಫ್ರೆಂಚ್ ರಾಯಭಾರಿ ತನ್ನ ಸರ್ಕಾರಕ್ಕೆ ವರದಿ ಮಾಡಿದ್ದಾರೆ. ನಾನೂ ಬಹಳ ವರ್ಷ ಕಡತಗಳಿಗೆ ರುಜು ಹಾಕಿದವನು. ಮೇಲಿನವರು ಎದುರಿಗೇ ನಿಂತು ಒತ್ತಾಯಿಸಿದಾಗ ಒಂದು ಸಣ್ಣ ಸಹಿಗೂ ಕೈ ಹೇಗೆ ನಡುಗುತ್ತದೆಂಬುದನ್ನು ಬಲ್ಲೆ.

ಉತ್ತರ 2

ಮೇಲಿನವರ ಮಾತನ್ನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಹಾಚಾ ಅವರನ್ನು ಅಳೆಯಬೇಕಾದುದು ಆ ಒಂದು ರುಜುವಿನಿಂದಲ್ಲ, ಆಮೇಲೆ ಜರ್ಮನ್ ಆಳ್ವಿಕೆಯಡಿ ಆರು ವರ್ಷ ಅದೇ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಹಾಕಿದ ರುಜುಗಳಿಂದ ಎಂದು ನನ್ನ ಅನಿಸಿಕೆ. 1939ರ ನವೆಂಬರ್ 17ರಂದು ನಾಜಿಗಳು ಒಂಬತ್ತು ಜನರನ್ನು ಕೊಂದು, ಸುಮಾರು 1,200 ವಿದ್ಯಾರ್ಥಿಗಳನ್ನು ಸಾಕ್ಸೆನ್‌ಹೌಸೆನ್ ಶಿಬಿರಕ್ಕೆ ಸಾಗಿಸಿ, ಚೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದರು. ಆಗಲೂ ಹಾಚಾ ಹುದ್ದೆಯಲ್ಲೇ ಉಳಿದರು. ಆ ಹುಡುಗರ ಬಿಡುಗಡೆಗೆ ಅವರು ಪದೇ ಪದೇ ಮನವಿ ಮಾಡಿದ್ದು ನಿಜ, ಹಲವರು ಹಂತಹಂತವಾಗಿ ಮನೆಗೆ ಮರಳಿದ್ದೂ ನಿಜ. ಉಳಿದದ್ದಕ್ಕೆ ಅಷ್ಟು ಸಮರ್ಥನೆ ಇತ್ತು.

1941ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಪ್ರತಿನಿಧಿಯಾಗಿ ಆಳಲು ಹೈಡ್ರಿಶ್ ಪ್ರಾಗ್‌ಗೆ ಬಂದೊಡನೆ ಪ್ರಧಾನಿ ಅಲೋಯ್ಸ್ ಎಲಿಯಾಶ್ ಅವರನ್ನು ಬಂಧಿಸಿದ. ಎಲಿಯಾಶ್ ಕೂಡ ಹೊರಗೆ ಆಜ್ಞೆ ಪಾಲಿಸುತ್ತಲೇ ಇದ್ದವರು, ಆದರೆ ಒಳಗೊಳಗೇ ಲಂಡನ್ನಿನಲ್ಲಿದ್ದ ಚೆಕೊಸ್ಲೊವಾಕಿಯಾದ ದೇಶಾಂತರ ಸರ್ಕಾರದೊಂದಿಗೆ ಸಂಪರ್ಕ ಇಟ್ಟುಕೊಂಡಿದ್ದರು. 1942ರ ಜೂನ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಹಾಚಾ ಕುರ್ಚಿ ಬಿಡಲಿಲ್ಲ. ಅದೇ ವರ್ಷದ ಜನವರಿಯಲ್ಲಿ ನಾಜಿಗಳ ಕಟ್ಟಾ ಬೆಂಬಲಿಗ ಎಮಾನುಯೆಲ್ ಮೊರಾವೆಟ್ಸ್‌ನನ್ನು ಶಿಕ್ಷಣ ಸಚಿವನನ್ನಾಗಿ ನೇಮಿಸಿದ್ದೂ ಅವರೇ. ಅವರು ಅಧ್ಯಕ್ಷರಾಗಿದ್ದ ಆಡಳಿತದ ಚೆಕ್ ಜೆಂಡಾರ್ಮ್ ಪೊಲೀಸರೇ ಟೆರೆಜೀನ್ ಯಹೂದಿ ಶಿಬಿರಕ್ಕೆ ಕಾವಲಿದ್ದರು. ಜನರನ್ನು ಉಳಿಸಲು ಬಾಗಿದೆ ಎನ್ನುವವರಿಗೆ ‘ಯಾವ ಜನರನ್ನು?’ ಎಂದು ಕೇಳಲೇಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಟೆರೆಜೀನ್ ವಿಷಯ ನಾನು ಯೋಚಿಸಿರಲಿಲ್ಲ. ಎರಡನೆಯ ಉತ್ತರ ಓದಿದ ಮೇಲೆ, ಬರ್ಲಿನ್ ರಾತ್ರಿಯನ್ನು ಕ್ಷಮಿಸಬಹುದು, ಎಲಿಯಾಶ್ ಬಂಧನದ ನಂತರವೂ ಹುದ್ದೆಯಲ್ಲಿ ಉಳಿದದ್ದನ್ನು ಕ್ಷಮಿಸುವುದು ಕಷ್ಟವೆನಿಸುತ್ತಿದೆ. ಕೊನೆಗೆ ಹಾಚಾ ಅವರೂ ಬಚಾವಾಗಲಿಲ್ಲ. 1945ರ ಮೇ ತಿಂಗಳಲ್ಲಿ ಬಂಧಿತರಾಗಿ, ಜೂನ್ 27ರಂದು ಪಾಂಕ್ರಾಟ್ಸ್ ಸೆರೆಮನೆಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿನೊಹ್ರಾಡಿ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಿದಾಗ ಮೇಲೆ ಹೆಸರನ್ನೂ ಬರೆಸಲಿಲ್ಲವಂತೆ.