42 ಡಿಗ್ರಿ ಬಿಸಿಲಲ್ಲಿ ಬೈಕ್: ಅಷ್ಟು ಗಾಳಿ ಬಡಿದರೂ ಮೈ ತಂಪಾಗಲಿಲ್ಲ ಯಾಕೆ?

ಒಂಟಿಪಯಣ:

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಏನಾಯಿತು ಅಂತ ಮೊದಲು ಹೇಳಿಬಿಡುತ್ತೇನೆ.

380 ಕಿ.ಮೀ. ದಾರಿ. ಬೆಳಗ್ಗೆ ಏಳೂವರೆಗೆ ಹೊರಟೆ. ಹನ್ನೆರಡರವರೆಗೆ ಆರಾಮಾಗಿತ್ತು. ಆಮೇಲೆ ಮೀಟರಿನಲ್ಲಿ 42 ಡಿಗ್ರಿ ತೋರಿಸತೊಡಗಿತು. ಮೆಶ್ ಜಾಕೆಟ್ (ಬಲೆಯಂಥ ಬಟ್ಟೆಯದು, ಗಾಳಿ ಒಳಗೆ ನುಗ್ಗುತ್ತದೆ) ಹಾಕಿದ್ದೆ. ಇನ್ನೂ ಗಾಳಿ ಬರಲಿ ಅಂತ ಜಿಪ್ ಅರ್ಧಕ್ಕೆ ಇಳಿಸಿದೆ, ಹೆಲ್ಮೆಟ್ಟಿನ ಮುಂದಿನ ಗಾಜು, ಅಂದರೆ ವೈಸರ್ ಎತ್ತಿದೆ. ಹೇರ್ ಡ್ರೈಯರ್ ಮುಖಕ್ಕೆ ಹಿಡಿದ ಹಾಗಿತ್ತು. ಮೈಯೆಲ್ಲ ಒಣ ಒಣ, ಬೆವರೇ ಇಲ್ಲ.

ಎರಡು ಗಂಟೆ ಹೊತ್ತಿಗೆ ತಲೆ ಸಿಡಿಯತೊಡಗಿತು. ನಾನು ಎಡಕ್ಕೆ ತಿರುಗಬೇಕಿತ್ತು. ಫಲಕ ಕಂಡಿತು, ಓದಿದೆ ಕೂಡ, ಆದರೂ ನೇರ ಹೋದೆ. ನಾಲ್ಕು ಕಿ.ಮೀ. ದಾಟಿದ ಮೇಲೆ ಗೊತ್ತಾಯಿತು. ಗಾಡಿ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಹಾಕೋಣ ಅಂದರೆ ಕಾಲಿಗೆ ಸ್ಟ್ಯಾಂಡೇ ಸಿಗುತ್ತಿಲ್ಲ. ಹದಿನಾಲ್ಕು ವರ್ಷದಿಂದ ದಿನಾ ಹಾಕುವ ಸ್ಟ್ಯಾಂಡ್ ಅದು. ಆಗ ನಿಜವಾಗಿ ಹೆದರಿದೆ. ಅಷ್ಟು ಹೊತ್ತಿಗೆ ನಾನು ಕುಡಿದಿದ್ದು ಒಂದೇ ಲೀಟರ್ ನೀರು.

ಮುಂದಿನ ತಿಂಗಳು ತಂಗಿಯನ್ನು ಹಿಂದೆ ಕೂರಿಸಿಕೊಂಡು ಇದೇ ದಾರಿಯಲ್ಲಿ ಹೋಗಬೇಕು. ನನ್ನೊಬ್ಬನ ಮಾತಾಗಿದ್ದರೆ ಬೇರೆ. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ನಸುಕಿನ ಗಾಡಿ:

ಹೊರಟ ಹೊತ್ತೇ ತಪ್ಪು. ನಾಲ್ಕೂವರೆಗೆ ಗಾಡಿ ಸ್ಟಾರ್ಟ್ ಆಗಬೇಕು. ಹನ್ನೊಂದರ ಒಳಗೆ ಮುಕ್ಕಾಲು ದಾರಿ ಮುಗಿದಿರುತ್ತದೆ. ಬಿಸಿಲು ನೆತ್ತಿ ಮೇಲೆ ಇರುವುದು ಹನ್ನೆರಡಕ್ಕೆ, ಆದರೆ ಗಾಳಿ ಅತಿ ಹೆಚ್ಚು ಕಾಯುವುದು ಎರಡರಿಂದ ನಾಲ್ಕರ ನಡುವೆ. ಆ ಹೊತ್ತಲ್ಲಿ ನೆರಳಲ್ಲಿ ಮಲಗಿ. ಹೋಗಲೇಬೇಕು ಅಂದರೆ ಕೆಳಗೆ ಯಾರಾದರೂ ಹೇಳುತ್ತಾರೆ.

ಹಳೇ ಚೈನು:

ಹೊತ್ತಿನ ಮಾತು ನೂರಕ್ಕೆ ನೂರು ಸರಿ. ಆದರೆ ನಿಮ್ಮ ಪ್ರಶ್ನೆ ಗಾಳಿಯದ್ದು. ಅದಕ್ಕೇ ಉತ್ತರ ಕೊಡುತ್ತೇನೆ, ಯಾಕೆಂದರೆ ಇದನ್ನು ಕಲಿಯೋಕೆ ನನಗೆ ಎರಡು ಬೇಸಿಗೆ ಹಿಡಿಯಿತು.

ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯ ಬಿಸಿ ಎಳೆದುಕೊಂಡು ಹೋಗುತ್ತದೆ. 42 ಡಿಗ್ರಿಯ ಗಾಳಿ ಹಾಗಲ್ಲ, ಅದೇ ಮೈಗೆ ಬಿಸಿ ತುಂಬುತ್ತದೆ. ಆಗ ನಮ್ಮನ್ನು ಕಾಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋ ಕ್ಯಾಲರಿ ಬಿಸಿ ಹೊರಗೆ ಹೋಗುತ್ತದೆ. ಹತ್ತು ಲೀಟರ್ ನೀರನ್ನು 58 ಡಿಗ್ರಿ ಏರಿಸುವಷ್ಟು! ಅಂಥ ಬೆವರನ್ನು ನೀವು ಜಿಪ್ ತೆಗೆದು ಗಾಳಿಗೆ ಕೊಟ್ಟಿರಿ. ಬೆವರು ಬರುತ್ತಲೇ ಇತ್ತು, ಕಾಣುವ ಮೊದಲೇ ಆರಿ ಹೋಗುತ್ತಿತ್ತು. ಒಂದು ಲೀಟರ್ ಕುಡಿದು ಅದಕ್ಕಿಂತ ಎಷ್ಟೋ ಜಾಸ್ತಿ ಕಳೆದುಕೊಂಡಿದ್ದೀರಿ.

ಹಾಗಾಗಿ 35 ದಾಟಿದ ಮೇಲೆ ಗಾಳಿ ತಡೆಯಬೇಕು, ಮೈ ಒದ್ದೆ ಇಡಬೇಕು. ನಾನು ಜಾಕೆಟ್ ಒಳಗೆ ತೆಳು ತುಂಬುತೋಳಿನ ಅಂಗಿ ಹಾಕುತ್ತೇನೆ. ಪ್ರತಿ ಸಲ ನಿಲ್ಲಿಸಿದಾಗ ಅದನ್ನು ನೀರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಹಾಕಿಕೊಂಡು, ಮೇಲೆ ಜಾಕೆಟ್. ಜಾಕೆಟ್‌ನ ಎದೆಯ ವೆಂಟ್ (ಗಾಳಿಕಿಂಡಿ) ಮುಚ್ಚಿ, ತೋಳಿನ ತುದಿ ಮತ್ತು ಕತ್ತಿನ ಹತ್ತಿರ ಮಾತ್ರ ಸ್ವಲ್ಪ ಬಿಡುತ್ತೇನೆ. ಮೆಶ್‌ನಲ್ಲಿ ಅಂಗಿ ಕಾಲು ಗಂಟೆಗೆ ಒಣಗುತ್ತಿತ್ತು. ಮುಚ್ಚಿದ ಜಾಕೆಟ್‌ನಲ್ಲಿ ಮುಕ್ಕಾಲು ಗಂಟೆ ಬರುತ್ತದೆ. ಕಾಲರ್ ಮೊದಲು ಒಣಗುತ್ತದೆ, ಕಂಕುಳು ಕೊನೆಗೆ. ಗ್ಲೌಸ್ ತೆಗೆದು ಕಾಲರ್ ಒಳಗೆ ಬೆರಳು ಹಾಕಿ ನೋಡಿ. ಬಟ್ಟೆ ಗರಿಗರಿ ಆಗಿ, ಬಿಳಿ ಗೆರೆ ಮೂಡಿದ್ದರೆ ಅದು ನಿಮ್ಮ ಮೈಯ ಉಪ್ಪು. ಆಗಲೇ ತಡವಾಗಿದೆ, ತಕ್ಷಣ ನಿಲ್ಲಿಸಿ.

ಕತ್ತಿಗೂ ಒಂದು ಒದ್ದೆ ಬಟ್ಟೆ. ವೈಸರ್ ಮುಚ್ಚಿಯೇ ಇರಲಿ, ಕಣ್ಣು ಒಣಗುವುದಾದರೂ ತಪ್ಪುತ್ತದೆ.

ಒಂದು ಎಚ್ಚರಿಕೆ: ಇದು ಒಣ ಬಿಸಿಲಿನ ಉಪಾಯ. ಸಮುದ್ರದ ಹತ್ತಿರ, ಸೆಕೆ ಜಾಸ್ತಿ ಇರುವ ಕಡೆ ನೀರು ಆವಿಯಾಗುವುದೇ ಕಷ್ಟ. ಅಲ್ಲಿ ವೆಂಟ್ ಪೂರ್ತಿ ತೆಗೆಯಿರಿ, ಮತ್ತೆ ಮತ್ತೆ ನಿಲ್ಲಿಸಿ.

ರಾತ್ರಿಪಾಳಿ:

ನಾನು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್. ರಜೆ ಸಿಕ್ಕಾಗ ಬೈಕ್ ಓಡಿಸುತ್ತೇನೆ. ಒಂಟಿಪಯಣ ಅವರೇ, ಆ ತಿರುವು ತಪ್ಪಿದ್ದನ್ನು ಮರೆವು ಅಂತ ತಳ್ಳಿಹಾಕಬೇಡಿ. ತಲೆನೋವಿನ ಜೊತೆ ಗೊಂದಲವೂ ಶುರುವಾದರೆ ಬಿಸಿಲಿನ ಹೊಡೆತ ಮಿದುಳಿಗೆ ತಟ್ಟುತ್ತಿದೆ ಅಂತ ಅರ್ಥ.

ಮೈಯ ಒಳಗಿನ ಬಿಸಿ 40 ಡಿಗ್ರಿ ದಾಟಿ, ಮಾತು ತೊದಲಿದರೆ ಅಥವಾ ಅಸಂಬದ್ಧ ಮಾತಾಡಿದರೆ ಜೀವಕ್ಕೇ ಅಪಾಯ. ಬೆವರು ಇದ್ದರೂ ಅಪಾಯವೇ, ಇಲ್ಲದಿದ್ದರೂ ಅಪಾಯವೇ. ಆಂಬುಲೆನ್ಸ್‌ಗೆ ಫೋನ್ ಮಾಡಿ. ಅದು ಬರುವವರೆಗೆ ಕಾಯುತ್ತಾ ಕೂರಬೇಡಿ. ನೆರಳಿಗೆ ತನ್ನಿ, ಹೆಲ್ಮೆಟ್, ಜಾಕೆಟ್ ತೆಗೆಯಿರಿ, ಮೈತುಂಬ ನೀರು ಸುರಿಯಿರಿ, ಗಾಳಿ ಬೀಸಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಕುಡಿಯುವ ವಿಷಯ. ಬಾಯಾರಿಕೆಗೆ ಕಾಯಬೇಡಿ. 15-20 ನಿಮಿಷಕ್ಕೊಮ್ಮೆ ಒಂದು ಲೋಟ ಸಾಕು. ಬೆನ್ನಿಗೆ ಹಾಕುವ ನೀರಿನ ಚೀಲ, ಅದರ ಕೊಳವೆ ಇದ್ದರೆ ಸುಲಭ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಉಪ್ಪಿನಂಶ ಇಳಿದು, ಅದರಿಂದಲೂ ತಲೆನೋವು, ವಾಂತಿ ಬರುತ್ತದೆ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಬೇಕು. ಮೂತ್ರ ಕಡು ಹಳದಿ ಆಗಿದ್ದರೆ ಕುಡಿದಿದ್ದು ಸಾಲದು.

ತಂಗಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಹಿಂದೆ ಕೂತವರು ಸುಸ್ತಾದರೆ ನಿಮಗೆ ಕಾಣುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಅವರ ಮಂಡಿ ತಟ್ಟಿ. ಅವರು ನಿಮ್ಮ ಭುಜ ಎರಡು ಸಲ ತಟ್ಟಬೇಕು. ತಟ್ಟಲಿಲ್ಲವೋ, ಗಾಡಿ ನಿಲ್ಲಿಸಿ. ಅಲರ್ಜಿಗೋ ಬಿಪಿಗೋ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ. ಕೆಲವು ಮಾತ್ರೆ ಬೆವರು ಕಡಿಮೆ ಮಾಡುತ್ತವೆ, ಕೆಲವು ಮೈಯ ನೀರು ಇಳಿಸುತ್ತವೆ.

ಒಂಟಿಪಯಣ:

ಅಣ್ಣಾ, ಅಕ್ಕಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ತಂಗಿ ಜೊತೆ 90 ಕಿ.ಮೀ. ಹೋಗಿ ನೋಡಿದೆ. 39 ಡಿಗ್ರಿ ಇತ್ತು. ಒದ್ದೆ ಅಂಗಿ, ಮೇಲೆ ಮುಚ್ಚಿದ ಜಾಕೆಟ್. ಮೊದಲ ಐದು ನಿಮಿಷ ಉಸಿರು ಕಟ್ಟಿದ ಹಾಗಾಯಿತು, ಆಮೇಲೆ ಬೆನ್ನು ತಣ್ಣಗಾಯಿತು. ತಲೆನೋವು ಬರಲಿಲ್ಲ. ತಂಗಿ ಒಂದು ಸಲ ತಟ್ಟಲಿಲ್ಲ, ನಿಲ್ಲಿಸಿದೆ. ತೂಕಡಿಸುತ್ತಿದ್ದಳು. ಗೊತ್ತೇ ಆಗುತ್ತಿರಲಿಲ್ಲ ನನಗೆ.

ಒಂದೇ ತೊಂದರೆ, ಸೊಂಟದ ಸುತ್ತ ಒದ್ದೆ ಬಟ್ಟೆ ಉಜ್ಜಿ ಇಬ್ಬರಿಗೂ ಚರ್ಮ ಕೆಂಪಾಗಿದೆ.

ಹಳೇ ಚೈನು:

ಅಂಗಿಯ ಕೆಳಗಿನ ಒಂದು ಗೇಣು ಅದ್ದಲೇಬೇಡಿ, ಒಣಗಿದ್ದೇ ಇರಲಿ. ಅದನ್ನು ಪ್ಯಾಂಟ್ ಒಳಗೆ ಸಿಕ್ಕಿಸಿ. ಎದೆ, ಬೆನ್ನು, ತೋಳು ಒದ್ದೆಯಾದರೆ ಸಾಕು. ಆ ಕೆಂಪು ಮಾಯುವವರೆಗೆ ಬೆಲ್ಟ್ ಸಡಿಲ ಇರಲಿ.